ನೋಡುವ ಜಾಹೀರಾತು

ಹಿಂದೆ ಊರಿನ ಟೆಂಟ್ ಸಿನಿಮಾಕ್ಕೆ ಹೊಸ ಚಿತ್ರ ಬಂದಿತೆಂದರೆ ಜಟಕಾ ಗಾಡಿಯೊಂದು ಬೀದಿ ಬೀದಿ ಸುತ್ತುತ್ತಿದ್ದಿತು. ಗಾಡಿಯ ಎರಡು ಪಕ್ಕಗಳಲ್ಲಿಯೂ ಬಣ್ಣಬಣ್ಣದ ಭಿತ್ತಿಪತ್ರಗಳು. ಒಳಗೆ ಧ್ವನಿವರ್ಧಕ ಹಿಡಿದ ಕೂಗುಗಾರ. ಅವನು ತೂರಿದ ಗುಲಾಬಿ ಬಣ್ಣದ ಕರಪತ್ರಗಳಿಗಾಗಿ ಮಕ್ಕಳು ಗಾಡಿಯ ಹಿಂದೆ ಓಡುತ್ತಿದ್ದರು. ಕರಪತ್ರ ಸಾಹುಕಾರನ ಮಗನಿಗೆ ಸಿಕ್ಕಿತೋ ಕೂಲಿಯವನ ಮಗಳಿಗೆ ಸಿಕ್ಕಿತೋ ಎಂಬುದು ಅವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಗೋಡೆಯ ಮೇಲಿನ ಬರಹ, ಅಂಗಡಿಯ ತಗಡಿನ ಫಲಕ, ಎಲ್ಲವೂ ಹೀಗೆಯೇ. ಜನರು ಜಾಹೀರಾತನ್ನು ನೋಡುತ್ತಿದ್ದರು. ಜಾಹೀರಾತು ಜನರನ್ನು ನೋಡುತ್ತಿರಲಿಲ್ಲ.

ಈ ಸಂಬಂಧವು ಈಗ ತಲೆಕೆಳಗಾಗುತ್ತಿದೆ. ವ್ಯಕ್ತಿಯೊಬ್ಬನು ಅಂತರಜಾಲದಲ್ಲಿ ಏನನ್ನು ಹುಡುಕಿದನು, ಏನನ್ನು ಕೊಂಡನು ಎಂಬುದನ್ನು ಗುರುತಿಟ್ಟುಕೊಂಡು ಅವನ ಒಲವಿಗೆ ತಕ್ಕ ಜಾಹೀರಾತನ್ನೇ ಅವನ ಮುಂದಿಡುವ ಪದ್ಧತಿ ಮೊದಲು ಗಣಕದ ಪರದೆಯ ಮೇಲೆ ಬೆಳೆಯಿತು. ಅನಂತರ ಅದು ಬೀದಿಗಿಳಿಯಿತು.

ಲಂಡನ್ ಮಹಾನಗರದ ಹಣಕಾಸು ವ್ಯವಹಾರದ ಕೇಂದ್ರವಾದ 'ಸಿಟಿ' ಪ್ರದೇಶದಲ್ಲಿ ರಿನ್ಯೂ ಎಂಬ ಕಂಪನಿಯು ಡಿಜಿಟಲ್ ಪರದೆಗಳಿದ್ದ ಕಸದ ತೊಟ್ಟಿಗಳನ್ನು ಇರಿಸಿದ್ದಿತು. 2013ರಲ್ಲಿ ಅವುಗಳ ಪೈಕಿ 12 ತೊಟ್ಟಿಗಳಲ್ಲಿ ಒಂದು ಹೊಸ ಸಾಧನವನ್ನು ಪ್ರಯೋಗಾರ್ಥವಾಗಿ ಅಳವಡಿಸಲಾಯಿತು. ವೈಫೈ ತೆರೆದಿರುವ ಫೋನು ಸಂಪರ್ಕವನ್ನು ಅರಸುತ್ತಾ ಆಗಾಗ ಗುರುತಿನ ಸಂಖ್ಯೆಯೊಂದನ್ನು ಬಿತ್ತರಿಸುತ್ತಿರುತ್ತದೆ. ಹಾದುಹೋಗುವವರ ಜೇಬಿನಲ್ಲಿದ್ದ ಫೋನುಗಳ ಈ ಸಂಖ್ಯೆಯನ್ನು ತೊಟ್ಟಿಯು ಹಿಡಿದಿಟ್ಟುಕೊಳ್ಳುತ್ತಿದ್ದಿತು. ಹೆಸರು ತಿಳಿಯದಿದ್ದರೇನು? ನಿನ್ನೆ ಈ ಹೊತ್ತಿಗೆ ಹೋದವನೇ ಇಂದೂ ಹೋದನೆಂದು ತಿಳಿದರೆ ವ್ಯಾಪಾರಿಗೆ ಅಷ್ಟೇ ಸಾಕು. ವಿಷಯವು ಪತ್ರಿಕೆಗಳಲ್ಲಿ ಬಯಲಾದೊಡನೆ ನಗರಾಡಳಿತವು ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಈ ಪ್ರಯೋಗವನ್ನು ನಿಲ್ಲಿಸುವಂತೆ ಸೂಚಿಸಿತು, ಕಂಪನಿಯು ನಿಲ್ಲಿಸಿತು. ಇಂದಿನ ಅನೇಕ ಫೋನುಗಳು ಈ ಸಂಖ್ಯೆಯನ್ನು ಆಗಾಗ ಬದಲಿಸುವುದರಿಂದ ಅಂತಹ ಜಾಡು ಹಿಡಿಯುವುದು ಮೊದಲಿನಷ್ಟು ಸುಲಭವಲ್ಲ. ಅದೂ ಅಲ್ಲದೆ, ಬೇಡವೆನಿಸಿದವನು ಫೋನನ್ನು ಮನೆಯಲ್ಲಿಟ್ಟು ಹೊರಡಬಹುದು. ಮುಖವನ್ನು ಮನೆಯಲ್ಲಿಟ್ಟು ಹೊರಡಲಾದೀತೆ?

ಮುಖದ ಕಥೆ ನಡೆದುದು ಬ್ರೆಜಿಲ್ ದೇಶದ ಅತಿ ದೊಡ್ಡ ನಗರವಾದ ಸಾವೊ ಪಾಲೊದಲ್ಲಿ. ಜಾಹೀರಾತಿನ ವಿಷಯದಲ್ಲಿ ಈ ನಗರ ಮೊದಲೇ ಹೆಸರಾಗಿದ್ದಿತು. ಮೇಯರ್ ಜಿಲ್ಬರ್ಟೊ ಕಸಾಬ್ ಅವರ ಕಾಲದಲ್ಲಿ ರೂಪುಗೊಂಡ 'ಸ್ವಚ್ಛ ನಗರ' ಕಾನೂನು 2007ರಲ್ಲಿ ಜಾರಿಗೆ ಬಂದು, ಬೀದಿಗಳಲ್ಲಿದ್ದ ಸಾವಿರಾರು ಜಾಹೀರಾತು ಫಲಕಗಳು ಕೆಳಗಿಳಿದವು. ಹಳೆಯ ಕಟ್ಟಡಗಳ ಅಂದವಾದ ಮುಖಗಳು ಬೆಳಕು ಕಂಡವು. ಫಲಕಗಳ ಮರೆಯಲ್ಲಿದ್ದ ಕೊಳೆಗೇರಿಗಳೂ ಕಣ್ಣಿಗೆ ಬಿದ್ದವು. ಜಾಹೀರಾತು ಎಷ್ಟನ್ನು ಮುಚ್ಚಿಡಬಲ್ಲದೆಂಬುದು ಜನರಿಗೆ ಆಗ ಅರಿವಾಯಿತು.

ಹೀಗೆ ಬೀದಿಯಿಂದ ತೆರಳಿದ ಜಾಹೀರಾತು ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ನಗರದ ನಾಲ್ಕನೆಯ ಮೆಟ್ರೊ ಮಾರ್ಗವನ್ನು ನಡೆಸುತ್ತಿದ್ದ ವಿಯಾಕ್ವಾತ್ರೊ ಕಂಪನಿಯು 2018ರಲ್ಲಿ ಕೆಲವು ನಿಲ್ದಾಣಗಳ ಬಾಗಿಲುಗಳಲ್ಲಿ ಪರದೆಗಳನ್ನು ಅಳವಡಿಸಿತು. ಅವುಗಳೊಡನೆ ಕ್ಯಾಮೆರಾಗಳಿದ್ದವು. ಪ್ರಯಾಣಿಕರು ರೈಲಿಗಾಗಿ ಕಾದು ನಿಂತು ಜಾಹೀರಾತಿನತ್ತ ದೃಷ್ಟಿ ಹಾಯಿಸಿದರೆ, ಕ್ಯಾಮೆರಾದ ಹಿಂದಿದ್ದ ಯಂತ್ರವು ಅವರ ಮುಖಗಳನ್ನು ಓದುತ್ತಿದ್ದಿತು. ಅವರು ಗಂಡಸರೋ ಹೆಂಗಸರೋ, ಅಂದಾಜು ಎಷ್ಟು ವಯಸ್ಸಿನವರು, ಸಂತೋಷಗೊಂಡರೋ ಬೇಸರಪಟ್ಟರೋ, ಅಚ್ಚರಿಗೊಂಡರೋ ಅಥವಾ ಏನೂ ಅನಿಸದೆ ನಿಂತರೋ, ಎಂದು ವಿಂಗಡಿಸುವುದು ಅದರ ಕೆಲಸ. ಮನೆಯ ಸಂಕಟವನ್ನು ಹೊತ್ತು ಬಂದವನ ಮುಖದಲ್ಲಿನ ದುಗುಡವನ್ನು ಅದು ಜಾಹೀರಾತಿನ ಲೆಕ್ಕಕ್ಕೆ ಬರೆದಿದ್ದರೂ ಆಶ್ಚರ್ಯವಿಲ್ಲ!

ಬ್ರೆಜಿಲ್‌ನ ಗ್ರಾಹಕ ರಕ್ಷಣಾ ಸಂಸ್ಥೆಯಾದ ಇದೆಕ್ ಅದೇ ವರ್ಷ ನ್ಯಾಯಾಲಯದ ಮೆಟ್ಟಿಲೇರಿತು. ಯಾರ ಚಿತ್ರವನ್ನೂ ಸಂಗ್ರಹಿಸಿಲ್ಲ, ಯಾರೊಬ್ಬರನ್ನೂ ಗುರುತಿಸಿಲ್ಲ, ಇದು ಕೇವಲ ಎಣಿಕೆ ಎಂಬುದು ಕಂಪನಿಯ ವಾದ. ಈ ವಾದವನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಅಂಗಡಿಯವನೂ ಗಿರಾಕಿಯ ಮುಖ ನೋಡಿಯೇ ಸರಕನ್ನು ಮುಂದಿಡುತ್ತಾನೆ. ಆದರೆ ಅಂಗಡಿಯವನು ಎದುರಿಗೆ ಕುಳಿತಿರುತ್ತಾನೆ. ಅವನು ತನ್ನನ್ನು ನೋಡುತ್ತಿರುವನೆಂಬುದನ್ನು ಗಿರಾಕಿಯೂ ಬಲ್ಲನು. ಇಷ್ಟವಿಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುವನು.

ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಮನುಷ್ಯನು ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟಂತಾಗುವುದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಭಾರತದ ಸರ್ವೋಚ್ಚ ನ್ಯಾಯಾಲಯವು ಬೇರೊಂದು ಸಂದರ್ಭದಲ್ಲಿ ಇದನ್ನು ಪರಿಶೀಲಿಸಿದ್ದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆ ಅದು. 2017ರ ಆಗಸ್ಟ್ 24ರಂದು 9 ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಖಾಸಗಿತನವು ಸ್ಥಳಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು. ಬೀದಿಗೆ ಬಂದುದರಿಂದಲೇ ಅದು ಕಳೆದುಹೋಗುವುದಿಲ್ಲ ಎಂಬ ವಿಚಾರವೂ ಆ ತೀರ್ಪಿನಲ್ಲಿದೆ.

ಸಾವೊ ಪಾಲೊದ ನ್ಯಾಯಾಲಯವು ಮೊದಲು 2018ರಲ್ಲಿಯೇ ಕ್ಯಾಮೆರಾಗಳನ್ನು ನಿಲ್ಲಿಸಬೇಕೆಂದು ತಾತ್ಕಾಲಿಕ ಆಜ್ಞೆಯಿತ್ತಿತು. 2021ರಲ್ಲಿ ತೀರ್ಪು ಹೊರಬಿದ್ದಿತು. ಪ್ರಯಾಣಿಕರ ಸಮ್ಮತಿಯಿಲ್ಲದೆ, ವ್ಯಾಪಾರದ ಉದ್ದೇಶಕ್ಕಾಗಿ ಅವರ ಮುಖಗಳನ್ನು ಬಳಸಿಕೊಂಡುದು ತಪ್ಪೆಂದು ಹೇಳಿ, ನ್ಯಾಯಾಲಯವು 1 ಲಕ್ಷ ರಿಯಲ್ ತೆರುವಂತೆ ಕಂಪನಿಗೆ ವಿಧಿಸಿತು. ಆ ಪ್ರಯಾಣಿಕರು ಹಣ ಕೊಟ್ಟು ಟಿಕೆಟು ಕೊಂಡು ಬಂದವರು. ರೈಲನ್ನು ಹತ್ತಬೇಕಾದರೆ ಅವರು ಆ ಬಾಗಿಲಿನ ಮುಂದೆಯೇ ನಿಲ್ಲಬೇಕಾಗಿದ್ದಿತು.