ಮತ್ತೆ ತುಂಬದ ನೀರಿನ ಲೆಕ್ಕ

ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಸುತ್ತಲಿನ ಚಿನ್ನದ ಗಣಿಗಳಿಗೆ ನೆಲದಡಿಯ ನೀರು ಎಷ್ಟು ವರ್ಷ ಬರುತ್ತದೆಂದು ಲೆಕ್ಕ ಹಾಕುವುದು ನನ್ನ ಕೆಲಸ. ನಾನು ಕೋಲಾರದ ಕಡೆಯವನು. ಕೆಜಿಎಫ್‌ಗೆ ಕುಡಿಯುವ ನೀರು ಬೇತಮಂಗಲದ ಕೆರೆಯಿಂದ ಬಂದಂತೆ, ಕಾಲ್ಗೂರ್ಲಿ ಊರಿಗೆ 1903ರಿಂದ 500 ಕಿ.ಮೀ.ಗೂ ಆಚೆಯಿಂದ ಪೈಪಿನಲ್ಲಿ ಬರುತ್ತಿದೆ. ಗಣಿಗಳು ಅದಿರು ಸಂಸ್ಕರಣೆಗೆ ಹೆಚ್ಚಾಗಿ ಎತ್ತುವುದು ನೆಲದಡಿಯ ಉಪ್ಪುನೀರನ್ನು. ಅದರ ಲೆಕ್ಕ ಹಾಕುವವರಿಗೆ ನಾನು ಹೇಳುವ ಐದು ಮಾತು ಇವು.

1. ಮೊದಲ ದಿನದ ನೀರನ್ನು ನಂಬಬೇಡಿ. ನಮ್ಮೂರಲ್ಲಿ ಬೋರ್ ಕೊರೆಸಿದರೆ ಎಲ್ಲರೂ ಕೇಳುವುದು, "ಎಷ್ಟು ಇಂಚು ಬಂತು?" ಇಂಚು ಹೇಳುವುದು ಇವತ್ತಿನ ಹರಿವನ್ನು, ಒಳಗಿನ ದಾಸ್ತಾನನ್ನಲ್ಲ. ಕಾಲ್ಗೂರ್ಲಿಯ ಗಣಿಗಳು ಎತ್ತುವ ನೀರು ಕೋಟ್ಯಂತರ ವರ್ಷಗಳ ಹಿಂದೆ ಹೂತುಹೋದ ನದಿಪಾತ್ರದ ಮರಳಿನಲ್ಲಿದೆ. ಮೇಲೆ ದಪ್ಪ ಜೇಡಿ, ಎರಡೂ ಪಕ್ಕ ಬಂಡೆ. ಪಂಪ್ ಮಾಡುತ್ತಾ ಹೋದಂತೆ ನೀರಿನ ಇಳಿತ ಅಗಲವಾಗುತ್ತಾ ಬಂಡೆಯನ್ನು ಮುಟ್ಟುತ್ತದೆ. ಅಲ್ಲಿಂದ ಮಟ್ಟ ಕುಸಿಯುವ ವೇಗವೇ ಬೇರೆ. ಒಂದು ಗಣಿಗೆ ನಾನು ಮೂರು ದಿನದ ಪಂಪ್ ಟೆಸ್ಟ್ ನೋಡಿ ಹತ್ತು ವರ್ಷದ ಭರವಸೆ ಬರೆದುಕೊಟ್ಟೆ. ನೀರಿನ ಮಟ್ಟದ ಗ್ರಾಫಿನಲ್ಲಿ ಗೆರೆ ನೇರವಾಗಿತ್ತು. ಕೊನೆಯ ನಾಲ್ಕು ಚುಕ್ಕಿ ಮಾತ್ರ ಕೆಳಕ್ಕೆ ಬಾಗಿದ್ದವು. ಅಳತೆಯ ತಪ್ಪೆಂದು ಬಿಟ್ಟುಬಿಟ್ಟೆ. ಎರಡನೇ ವರ್ಷಕ್ಕೇ ಪಂಪುಗಳನ್ನು ಇನ್ನೂ ಆಳಕ್ಕೆ ಇಳಿಸಬೇಕಾಯಿತು. ಆ ನಾಲ್ಕು ಚುಕ್ಕಿಗಳೇ ಬಂಡೆಯ ಗೋಡೆ.

2. ಮರುಪೂರಣವನ್ನು, ಅಂದರೆ ಮಳೆಯಿಂದ ಇಂಗುವ ಹೊಸ ನೀರನ್ನು, ಸೊನ್ನೆ ಎಂದೇ ಇಟ್ಟು ಲೆಕ್ಕದ ಮಾಡೆಲ್ ಶುರುಮಾಡಿ. ಇಲ್ಲಿ ವರ್ಷಕ್ಕೆ ಸುಮಾರು 260 ಮಿ.ಮೀ. ಮಳೆ, ಬಹುಪಾಲು ಆವಿಯಾಗಿ ಹೋಗುತ್ತದೆ. ಮಾಡೆಲಿನಲ್ಲಿ ಒಂದೇ ಒಂದು ಮಿ.ಮೀ. ಇಂಗುತ್ತದೆಂದು ಬರೆದರೂ, ಸಾವಿರ ಚದರ ಕಿ.ಮೀ.ಗೆ ಅದು ವರ್ಷಕ್ಕೆ ಹತ್ತು ಲಕ್ಷ ಘನ ಮೀಟರ್ ಆಗುತ್ತದೆ. ಇಲ್ಲದ ನೀರು ಕಾಗದದ ಮೇಲೆ ಹುಟ್ಟುವುದು ಹೀಗೆ.

3. ಉಪ್ಪಿನ ತೂಕ ಮರೆಯಬೇಡಿ. ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪಾದ ನೀರು ಭಾರ. ಸಾಂದ್ರತೆಯನ್ನು ಸರಿದೂಗಿಸದೆ ಎರಡು ಬೋರುಗಳ ಮಟ್ಟ ಹೋಲಿಸಿದರೆ, ನೀರು ಹರಿಯುವ ದಿಕ್ಕೇ ತಪ್ಪಾಗಿ ಕಾಣಬಹುದು. ಅಳತೆ ಟೇಪನ್ನು ಮೇಲೆಳೆದ ಕೂಡಲೇ ಒರೆಸಿ. ಊಟ ಮುಗಿಸಿ ಬರುವಷ್ಟರಲ್ಲಿ ಬಿಳಿ ಹರಳು ಕಟ್ಟಿರುತ್ತದೆ.

4. ಒಂದೇ ಉತ್ತರ ಕೊಡಬೇಡಿ. ಮೇಲಿನ ಜೇಡಿಯಿಂದ ಮರಳಿಗೆ ಎಷ್ಟು ನೀರು ಸೋರುತ್ತದೆ ಎಂಬುದರ ಮೇಲೇ ಎಲ್ಲ ನಿಂತಿದೆ. ಈವರೆಗಿನ ಅಳತೆಗೆ ಸರಿಹೊಂದುವ ಹಲವು ಮಾಡೆಲ್ ಸಿಗುತ್ತವೆ. ಒಂದು ಎಂಟು ವರ್ಷ ಎನ್ನುತ್ತದೆ, ಇನ್ನೊಂದು ಇಪ್ಪತ್ತು. ಎಂಟನ್ನೂ ಹೇಳಲೇಬೇಕು. ಗಣಿಗಾದರೆ ಮುಚ್ಚುವ ದಿನವಿದೆ, ಊರಿಗಿಲ್ಲ. ಜೋರ್ಡಾನ್‌ನ ಅಮ್ಮಾನ್ ನಗರಕ್ಕೆ 2013ರಿಂದ ಡೀಸಿ ಎಂಬಲ್ಲಿನ ಮರಳುಗಲ್ಲಿನ ಪುರಾತನ ನೀರು ವರ್ಷಕ್ಕೆ ಸುಮಾರು 10 ಕೋಟಿ ಘನ ಮೀಟರ್ ಹೋಗುತ್ತಿದೆ. ಅಂಥ ಕಡೆ ಮುಂದಿನ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು ಮೊದಲ ಪಂಪ್ ಇಳಿಸುವ ದಿನವೇ ಕೇಳಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ.

5. ಪಂಪ್ ನಿಂತ ಮೇಲೂ ಅಳೆಯಿರಿ. ಮಟ್ಟ ಏರುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ಅದು ದೂರದ ಮರಳಿನಿಂದ, ಮೇಲಿನ ಜೇಡಿಯಿಂದ ಜಾರಿ ಬಂದ ಹಳೆಯ ನೀರು. ವರದಿಯಲ್ಲಿ ಅದನ್ನು ಮರುಪೂರಣ ಎಂದು ಬರೆಯಬೇಡಿ.