ಮೋಟಾರು ಗಾಡಿಗೆ ಹೊಸ ಸ್ಪಾರ್ಕ್ ಪ್ಲಗ್ ಆರಿಸುವ ಕ್ರಮ



ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಯಾವಾಗ ಹಾಕಬೇಕೆಂಬುದು ಪ್ರತಿಯೊಂದು ಮನೆಯ ಹುಡುಗನಿಗೂ ಗೊತ್ತಿತ್ತು. ಈಗ ನಮ್ಮ ಅನೇಕ ಮನೆಗಳ ಮುಂದೆ ಹಳೆಯ ಕಾರು ಅಥವಾ ವ್ಯಾನು ನಿಂತಿದೆ. ತರಕಾರಿ ಮಾರುಕಟ್ಟೆಗೆ ಹೋಗುವುದೂ ಅದರಲ್ಲೇ, ಬಾಣಂತಿ ಆಸ್ಪತ್ರೆಯಿಂದ ಬರುವುದೂ ಅದರಲ್ಲೇ. ಆದರೆ ಅದರ ಕೀಲೆಣ್ಣೆಯ ವಿಷಯ ನಮಗೆ ಇನ್ನೂ ಅಷ್ಟಾಗಿ ತಿಳಿಯದು. ಈ ಸಂಚಿಕೆಯ ಪಾಠದಲ್ಲಿ ಪೆಟ್ರೋಲ್ ಗಾಡಿಯ ಒಂದು ಸಣ್ಣ ಭಾಗವಾದ ಸ್ಪಾರ್ಕ್ ಪ್ಲಗ್ಗನ್ನು ಆರಿಸುವ ಬಗೆಯನ್ನು ತಿಳಿಯೋಣ. ಡೀಸೆಲ್ ಟ್ರ್ಯಾಕ್ಟರಿಗೆ ಈ ಪ್ಲಗ್ ಇರುವುದಿಲ್ಲ; ಆದ್ದರಿಂದ ಈ ಪಾಠ ಅದಕ್ಕೆ ಅನ್ವಯಿಸುವುದಿಲ್ಲ.

ನಡೆದ ಒಂದು ಸಂಗತಿ

ಕಳೆದ ಮಾಗಿಯಲ್ಲಿ ನಮ್ಮ ವೃತ್ತದ ಒಬ್ಬ ಯಜಮಾನರು ಟೊಮೆಟೊ ತುಂಬಿದ ಓಮ್ನಿ ವ್ಯಾನಿನಲ್ಲಿ ಬೆಳಗಿನ ಜಾವ ಕೋಲಾರದ ಮಾರುಕಟ್ಟೆಗೆ ಹೊರಟರು. ನನಗೂ ಅತ್ತ ಕೆಲಸವಿದ್ದುದರಿಂದ ಜೊತೆಗೆ ಹೊರಟೆ. ಊರಾಚೆಯ ಏರಿನಲ್ಲಿ ಗಾಡಿ ಕೆಮ್ಮತೊಡಗಿತು; ಅರ್ಧ ಏರಿನಲ್ಲಿ ನಿಂತೇಬಿಟ್ಟಿತು.

“ಹೋದ ವಾರ ತಾನೆ ಮೂರೂ ಪ್ಲಗ್ ಹೊಸದು ಹಾಕಿಸಿದೆ, ಗ್ರಾಮಸೇವಕರೇ. ಪ್ಲಗ್ಗಿನ ದೋಷ ಇರೋಕಿಲ್ಲ,” ಎಂದರು ಯಜಮಾನರು.

“ಹಳೇ ಪ್ಲಗ್ ಎಲ್ಲಿವೆ ಯಜಮಾನರೇ?” ಎಂದು ಕೇಳಿದೆ. ಸೀಟಿನ ಕೆಳಗೆ ಚೀಲದಲ್ಲಿದ್ದವು.

ಎಂಜಿನ್ ಆರಿದ ಮೇಲೆ ಹೊಸ ಪ್ಲಗ್ಗುಗಳನ್ನು ಬಿಚ್ಚಿದೆವು. ಮೂರಕ್ಕೂ ಒಲೆಯ ಮಸಿಯಂಥ ಒಣ ಕಪ್ಪು ಹತ್ತಿತ್ತು. ಹಳೆಯವುಗಳ ಮೇಲೆ 5 ಎಂಬ ಅಂಕಿ ಇತ್ತು. ಹೊಸವುಗಳ ಮೇಲೂ 5. ಆದರೆ ತಯಾರಕರು ಬೇರೆ. “ನಂಬರ್ ಒಂದೇ, ಥ್ರೆಡ್ಡೂ ಒಂದೇ, ಧೈರ್ಯವಾಗಿ ಹಾಕಿಸಿ” ಎಂದು ಅಂಗಡಿಯವರು ಕೊಟ್ಟಿದ್ದರಂತೆ. ಹಳೆಯ ಸವೆದ ಪ್ಲಗ್ಗುಗಳನ್ನೇ ಒರೆಸಿ ಹಾಕಿದಾಗ ಗಾಡಿ ಹೊರಟಿತು. ಆದರೆ ನಾವು ತಲುಪುವಷ್ಟರಲ್ಲಿ ಹರಾಜು ಮುಗಿಯುತ್ತ ಬಂದಿತ್ತು; ಸಿಕ್ಕ ಬೆಲೆಗೆ ಮಾಲು ಕೊಟ್ಟು ಬರಬೇಕಾಯಿತು. ಸವೆದಿದ್ದರೂ ಸರಿಯಾದ ಜಾತಿಯ ಪ್ಲಗ್, ಹೊಸದಾದರೂ ತಪ್ಪು ಜಾತಿಯ ಪ್ಲಗ್ಗಿಗಿಂತ ಮೇಲು ಎಂಬುದು ಅಂದು ನಮಗೆ ತಿಳಿಯಿತು.

ಪ್ಲಗ್ಗಿನ ಕೆಲಸ

ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹಚ್ಚುವುದು ಪ್ಲಗ್ಗಿನ ಕೆಲಸ. ಸಾವಿರಾರು ವೋಲ್ಟಿನ ವಿದ್ಯುತ್ತು ನಡುವಿನ ಕಡ್ಡಿಯಿಂದ ಬದಿಯ ಕೊಕ್ಕಿಗೆ ಹಾರುವಾಗ ಕಿಡಿ ಹುಟ್ಟುತ್ತದೆ. 1984ರಿಂದ 2019ರವರೆಗೆ ತಯಾರಾದ ಓಮ್ನಿಯಲ್ಲಿ 796 ಸಿ.ಸಿ.ಯ ಎಂಜಿನ್ ಇದ್ದು, ಮೂರು ಸಿಲಿಂಡರಿಗೆ ಮೂರು ಪ್ಲಗ್ಗುಗಳು. ಒಂದು ಕೆಟ್ಟರೂ ಮೂರರಲ್ಲಿ ಒಂದು ಪಾಲು ಬಲ ಹೋದಂತೆ. ಖಾಲಿ ಗಾಡಿಯಲ್ಲಿ ಇದು ತಿಳಿಯದಿರಬಹುದು. ಭಾರ ಹೊತ್ತು ಏರು ಹತ್ತುವಾಗ ತಿಳಿಯುತ್ತದೆ.

ಕಿಡಿ ಹಚ್ಚುವುದರ ಜೊತೆಗೆ ಪ್ಲಗ್ ತನ್ನ ಮೂತಿಯ ಶಾಖವನ್ನು ಎಂಜಿನ್ನಿನ ಮೈಗೆ ದಾಟಿಸಬೇಕು. ಮೂತಿಯ ಶಾಖ ಸುಮಾರು 450ರಿಂದ 500 ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಅದರ ಮೇಲಿನ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. ಅಷ್ಟು ಏರದಿದ್ದರೆ ಮಸಿ ನಿಲ್ಲುತ್ತದೆ. ವಿದ್ಯುತ್ತು ಮಸಿಯ ಮೇಲೆ ಹರಿದು ಕಿಡಿ ಹಾರುವುದಿಲ್ಲ. ಸುಮಾರು 870 ಡಿಗ್ರಿ ಮೀರಿದರೆ ಮೂತಿಯೇ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲಿಗೆ ಬೆಂಕಿ ಹತ್ತುತ್ತದೆ. ಇದು ಮುಂದುವರಿದರೆ ಪಿಸ್ಟನ್ ತೂತಾಗುವುದುಂಟು.

ಅಂಕಿಯ ಮೋಸ

ಶಾಖವನ್ನು ಬೇಗ ದಾಟಿಸುವುದು ತಣ್ಣನೆಯ ಪ್ಲಗ್. ನಿಧಾನವಾಗಿ ದಾಟಿಸುವುದು ಬಿಸಿ ಪ್ಲಗ್. ಇದನ್ನು ತಿಳಿಸಲು ತಯಾರಕರು ಪ್ಲಗ್ಗಿನ ಮೇಲೆ ಒಂದು ಅಂಕಿ ಹಾಕುತ್ತಾರೆ. ಆದರೆ ಎಲ್ಲರ ಲೆಕ್ಕ ಒಂದೇ ಅಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಬೇಕು.

ಎನ್‌ಜಿಕೆ ಮತ್ತು ಡೆನ್ಸೋ ಪ್ಲಗ್ಗುಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣನೆಯದು. ಬಾಷ್ ಪ್ಲಗ್ಗುಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಬಿಸಿ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೈಕೋ ಸಂಸ್ಥೆಯ ಹೆಸರು ಹಿರಿಯರಿಗೆ ಪರಿಚಿತ. 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾದ ಸಂಸ್ಥೆ ಅದೇ.

ಸ್ಥೂಲವಾಗಿ ಎನ್‌ಜಿಕೆಯ 5ಕ್ಕೆ ಬಾಷಿನ 8 ಮತ್ತು ಡೆನ್ಸೋದ 16 ಸಮ. ಎನ್‌ಜಿಕೆಯ 6ಕ್ಕೆ ಬಾಷಿನ 7 ಮತ್ತು ಡೆನ್ಸೋದ 20 ಸಮ. ಎನ್‌ಜಿಕೆಯ 5 ಇದ್ದ ಕಡೆ ಬಾಷಿನ 5 ಹಾಕಿದರೆ ತೀರ ತಣ್ಣನೆಯ ಪ್ಲಗ್ ಹಾಕಿದಂತಾಯಿತು. ಊರೊಳಗಿನ ಸಣ್ಣ ಓಡಾಟದಲ್ಲಿ ಅದಕ್ಕೆ ಮಸಿ ಕಟ್ಟದೆ ಇರದು. ಯಜಮಾನರ ವ್ಯಾನಿಗೆ ಆದದ್ದೂ ಇಂಥದೇ. ಎನ್‌ಜಿಕೆಯ 8 ಬೇಡುವ ಎಂಜಿನ್ನಿಗೆ ಬಾಷಿನ 8 ಹಾಕಿದರೆ ಅಪಾಯ ಇನ್ನೂ ದೊಡ್ಡದು; ಅಲ್ಲಿ ಪಿಸ್ಟನ್ನಿಗೇ ಕೇಡು. ಎಲ್ಲಾ ಕಡೆಯ ಸೇರು ಒಂದೇ ಅಳತೆಯದಲ್ಲ ಎಂದು ಹಿರಿಯರು ಧಾನ್ಯ ಅಳೆಯುವಾಗ ಎಚ್ಚರಿಕೆ ವಹಿಸುತ್ತಿದ್ದರಲ್ಲವೇ? ಇದೂ ಹಾಗೆಯೇ.

ಆರಿಸುವಾಗ ನೋಡತಕ್ಕ ಅಂಶಗಳು

1. ಮೊದಲು ಗಾಡಿಯ ಕೈಪಿಡಿ ನೋಡಿರಿ. ಹಳೆಯ ಪ್ಲಗ್ಗನ್ನು ಮಾತ್ರ ನಂಬಬೇಡಿರಿ. ಹಿಂದಿನ ಮಾಲೀಕರು ತಪ್ಪು ಪ್ಲಗ್ ಹಾಕಿಸಿರಬಹುದು. ಕೈಪಿಡಿ ಇಲ್ಲದಿದ್ದರೆ ಗಾಡಿಯ ಮಾದರಿ, ತಯಾರಾದ ವರ್ಷ, ಕಾರ್ಬ್ಯುರೇಟರೋ ಇಂಜೆಕ್ಷನ್ನೋ ಎಂಬುದನ್ನು ಬರೆದುಕೊಂಡು ಹೋಗಿ, ಅಂಗಡಿಯಲ್ಲಿ ತಯಾರಕರ ಪಟ್ಟಿ ತೆಗೆಸಿ ನೋಡಿರಿ.

2. ಗಾತ್ರ ಮತ್ತು ಉದ್ದ. ಥ್ರೆಡ್ಡಿನ ಅಗಲ ಸರಿಯಿದ್ದ ಮಾತ್ರಕ್ಕೆ ಪ್ಲಗ್ ಸರಿಯೆನ್ನಲಾಗದು. 14 ಮಿಲಿಮೀಟರ್ ಅಗಲದ ಪ್ಲಗ್ಗಿನಲ್ಲಿ ಥ್ರೆಡ್ಡಿನ ಉದ್ದ 12.7 ಮಿ.ಮೀ. ಇರುವುದೂ ಉಂಟು, 19 ಮಿ.ಮೀ. ಇರುವುದೂ ಉಂಟು. ಗಿಡ್ಡದಾದರೆ ಕಿಡಿ ತೂತಿನೊಳಗೇ ಅಡಗುತ್ತದೆ. ಉದ್ದವಾದರೆ ಪಿಸ್ಟನ್ನಿಗೆ ಬಡಿಯಬಹುದು.

3. ಅಕ್ಷರಗಳು. ಎನ್‌ಜಿಕೆಯ ‘ಬಿ.ಪಿ.ಆರ್.5.ಇ.ಎಸ್.’ ಎಂಬುದನ್ನು ಬಿಡಿಸಿ ಓದೋಣ. ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಪಿ’ ಎಂದರೆ ಮುಂಚಾಚಿದ ಮೂತಿ, ‘ಆರ್’ ಎಂದರೆ ಒಳಗೆ ವಿದ್ಯುತ್ ತಡೆ ಇದೆ, 5 ಶಾಖದ ಅಂಕಿ, ‘ಇ’ ಎಂದರೆ 19 ಮಿ.ಮೀ. ಉದ್ದ, ‘ಎಸ್’ ಎಂದರೆ ಸಾಧಾರಣ ತಾಮ್ರದ ತಿರುಳು. ‘ಆರ್’ ಬೇಕೆಂದಿರುವ ಗಾಡಿಗೆ ‘ಆರ್’ ಇಲ್ಲದ ಪ್ಲಗ್ ಹಾಕಬೇಡಿರಿ. ರೇಡಿಯೋದಲ್ಲಿ ಕರಕರ ಶಬ್ದ ಬರುವುದಲ್ಲದೆ ಇಂಜೆಕ್ಷನ್ ಗಾಡಿಯ ವಿದ್ಯುನ್ಮಾನ ಭಾಗಗಳಿಗೂ ತೊಂದರೆಯಾದೀತು.

4. ಸಂದಿನ ಅಳತೆ. ಕಡ್ಡಿಗೂ ಕೊಕ್ಕಿಗೂ ನಡುವಿನ ಸಂದು ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಒಂದೇ ಹೆಸರಿನ ಗಾಡಿಯಾದರೂ ಕಾರ್ಬ್ಯುರೇಟರ್ ಮಾದರಿಗೂ ಇಂಜೆಕ್ಷನ್ ಮಾದರಿಗೂ ಇದು ಬೇರೆಯಾಗಬಹುದು. ಫೀಲರ್ ಗೇಜಿನಿಂದ ಅಳೆದು ನೋಡಿರಿ. ಸರಿಪಡಿಸಬೇಕಾದರೆ ಬದಿಯ ಕೊಕ್ಕನ್ನು ಮಾತ್ರ ಮೆಲ್ಲನೆ ಬಾಗಿಸಬೇಕು; ನಡುವಿನ ಕಡ್ಡಿಗೆ ಮೀಟುಗೋಲು ಹಾಕಬಾರದು. ಇರಿಡಿಯಂ ಪ್ಲಗ್ಗಿನ ಕಡ್ಡಿ ಬಹಳ ಸಪುರ. ಮನೆಯಲ್ಲಿ ಅದರ ಸಂದು ತಿದ್ದಲು ಹೋಗದಿರುವುದೇ ಕ್ಷೇಮ.

5. ಲೋಹ. ಸಾಧಾರಣ ನಿಕ್ಕಲ್ ಪ್ಲಗ್ಗಿನ ಬೆಲೆ ಕಡಿಮೆ, ಬಾಳಿಕೆಯೂ ಕಡಿಮೆ. ಇರಿಡಿಯಂ ಪ್ಲಗ್ ಅದಕ್ಕಿಂತ ಹಲವು ಪಟ್ಟು ಹೆಚ್ಚು ದೂರ ಬಾಳುತ್ತದೆ. ಬೆಲೆಯೂ ಹಲವು ಪಟ್ಟು. ಕೈಪಿಡಿ ಸಾಧಾರಣ ಪ್ಲಗ್ ಹೇಳಿದ್ದರೆ ಅದನ್ನೇ ಹಾಕಿ, ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಿಸಿದರೆ ಸಾಕು. ದುಬಾರಿ ಪ್ಲಗ್ ಹಾಕಿದೊಡನೆ ಹಳೆಯ ಎಂಜಿನ್ನಿಗೆ ಹೊಸ ಬಲ ಬರುವುದಿಲ್ಲ.

6. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ, ಒಂದೇ ಜಾತಿಯವನ್ನು ಹಾಕಿರಿ.

ಹಳೆಯ ಪ್ಲಗ್ ಹೇಳುವ ಮಾತು

ಎಲೆಯ ಬಣ್ಣ ನೋಡಿ ಬೆಳೆಯ ಕೊರತೆ ತಿಳಿಯುವಂತೆ ಪ್ಲಗ್ಗಿನ ಮೂತಿ ನೋಡಿ ಎಂಜಿನ್ನಿನ ಸ್ಥಿತಿ ತಿಳಿಯಬಹುದು. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಗಾಳಿಯ ಜರಡಿ ಕಟ್ಟಿದೆ ಅಥವಾ ಪ್ಲಗ್ ತಣ್ಣನೆಯದಾಗಿದೆ. ಎಣ್ಣೆಯ ಪಸೆ ಇದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವಿನ ಸೀಲು ಸವೆದಿರಬಹುದು. ಬೆಳ್ಳಗೆ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಕೊನೆಯ ಎರಡರಲ್ಲಿ ಹೊಸ ಪ್ಲಗ್ ಹಾಕಿ ಸುಮ್ಮನಾಗುವುದು ಬೇರುಹುಳು ಬಿಟ್ಟು ಎಲೆಗೆ ಔಷಧಿ ಹೊಡೆದಂತೆ.

ಹಾಕುವ ಬಗೆ

ಎಂಜಿನ್ ಪೂರ್ತಿ ಆರಿರಬೇಕು. ಪ್ಲಗ್ಗಿನ ಸುತ್ತಲಿನ ಧೂಳನ್ನು ಮೊದಲೇ ಊದಿ ತೆಗೆಯಿರಿ. ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ. ತಂತಿಗಳು ಅದಲುಬದಲಾಗದಂತೆ ಒಂದೊಂದೇ ಪ್ಲಗ್ ಬದಲಿಸಿರಿ. ಹೊಸದನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿರಿ. ಬಿಗಿಯೆನಿಸಿದರೆ ಹೊರತೆಗೆದು ಮತ್ತೆ ನೇರವಾಗಿ ಕೂರಿಸಿರಿ. ವಾಷರ್ ಇರುವ 14 ಮಿ.ಮೀ. ಹೊಸ ಪ್ಲಗ್ಗಿಗೆ ಆಮೇಲೆ ಪಾನಾದಿಂದ ಅರ್ಧದಿಂದ ಮೂರರಲ್ಲಿ ಎರಡು ಸುತ್ತು ಸಾಕು. ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಹೋಗಿ, ಪ್ಲಗ್ಗಿನ ಬೆಲೆಯ ಹಲವು ಪಟ್ಟು ಖರ್ಚಿಗೆ ಬರುತ್ತದೆ.

ಆ ಯಜಮಾನರು ಈಗ ಪ್ಲಗ್ಗಿನ ಪೂರ್ತಿ ಹೆಸರನ್ನು ವ್ಯಾನಿನ ಬಾಗಿಲ ಒಳಬದಿಗೆ ಬಣ್ಣದಲ್ಲಿ ಬರೆಸಿದ್ದಾರೆ. ಯಾರು ಅಂಗಡಿಗೆ ಹೋದರೂ ಅದನ್ನೇ ಓದಿಕೊಂಡು ಹೋಗುತ್ತಾರೆ. ನೀವೂ ಹಾಗೆ ಮಾಡಿರಿ. ಒಳ್ಳೆಯ ಸ್ಥಿತಿಯ ಒಂದು ಹಳೆಯ ಪ್ಲಗ್ಗನ್ನೂ ಪಾನಾವನ್ನೂ ಸೀಟಿನ ಕೆಳಗೆ ಇಟ್ಟಿರಿ.

ಸಂಜೆಯ ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಒಂದೇ ಅಂಕಿಯ ಎರಡು ಪ್ಲಗ್ಗುಗಳು ಬೇರೆ ಬೇರೆ ಗುಣದವಾಗುವುದು ಹೇಗೆ?
2. ಥ್ರೆಡ್ ಉದ್ದವಾದರೆ ಏನು ಕೇಡು? ಗಿಡ್ಡವಾದರೆ?
3. ನಿಮ್ಮ ಮನೆಯ ಗಾಡಿಯ ಪ್ಲಗ್ಗಿನ ಪೂರ್ತಿ ಹೆಸರೇನು? ಅದು ಕೈಪಿಡಿಯೊಡನೆ ತಾಳೆಯಾಗುತ್ತದೆಯೇ?