ವರದಿಗೆ ವಿಡಿಯೊ, ಧ್ವನಿ ಸೇರಿಸುವ ವಿಧಾನ

ಮೆಕ್ಕೆಜೋಳವನ್ನು ಕಾಡುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ. ಮರಿಹುಳು ಚಿಕ್ಕದಿರುವಾಗ ಹತೋಟಿ ಸುಲಭ. ಬಲಿತು ಸುಳಿಯೊಳಗೆ ಸೇರಿದರೆ ಔಷಧಿ ಸರಿಯಾಗಿ ತಾಗುವುದಿಲ್ಲ. ಆದುದರಿಂದ ರೈತರ ಸಭೆಯಲ್ಲಿ ಹುಳುವಿನ ಗುರುತನ್ನು ವಿಡಿಯೊ ಮೂಲಕ ತೋರಿಸುವುದು ಲೇಸು.

ಹಿಂದೊಮ್ಮೆ ನಾನು ಸಭೆಗೆ ಒಯ್ದ ಪವರ್‌ಪಾಯಿಂಟ್ ಕಡತದಲ್ಲಿ ವಿಡಿಯೊ ತೆರೆಯಲೇ ಇಲ್ಲ. ಅದರಲ್ಲಿ ಇದ್ದದ್ದು ಕೊಂಡಿ ಮಾತ್ರ. ವಿಡಿಯೊ ನನ್ನ ಕಂಪ್ಯೂಟರಿನಲ್ಲೇ ಉಳಿದಿತ್ತು. ಬಂದ ರೈತರು ಹುಳುವನ್ನು ನೋಡದೆ ಮರಳಿದರು. ಈ ತೊಂದರೆ ತಪ್ಪಿಸಲು ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಮೊಬೈಲನ್ನು ಅಡ್ಡ ಹಿಡಿದು, ಅಲುಗಿಸದೆ, ಹತ್ತಿರದಿಂದ ಚಿತ್ರೀಕರಿಸಿರಿ. ತಲೆಯ ಮೇಲಿನ ತಲೆಕೆಳಗಾದ ‘ವೈ’ ಆಕಾರದ ಗೆರೆ ಮತ್ತು ಹಿಂತುದಿಯ ಚೌಕಾಕಾರದ ನಾಲ್ಕು ಚುಕ್ಕೆಗಳು ಸ್ಪಷ್ಟವಾಗಿ ಕಾಣಬೇಕು. ಒಂದು ನಿಮಿಷ ಸಾಕು.

2. ‘ಇನ್ಸರ್ಟ್’ ಪಟ್ಟಿಯಲ್ಲಿ ‘ವಿಡಿಯೊ’ ಆರಿಸಿ, ಕಂಪ್ಯೂಟರಿನಲ್ಲಿರುವ ಎಂಪಿ4 ಕಡತವನ್ನು ಸೇರಿಸಿರಿ. ‘ಲಿಂಕ್ ಟು ಫೈಲ್’ ಆರಿಸಬಾರದು.

3. ವಿವರಣೆಯ ಧ್ವನಿಗೆ ‘ಆಡಿಯೊ’ ಆರಿಸಿರಿ. ಗಾಳಿ, ಪಂಪಿನ ಸದ್ದು ಇಲ್ಲದ ಕಡೆ ಧ್ವನಿ ಮುದ್ರಿಸಿರಿ.

4. ವಿಡಿಯೊ ಸೇರಿದಂತೆ ಕಡತ ದೊಡ್ಡದಾಗುತ್ತದೆ. ಜಿಮೇಲ್‌ನಲ್ಲಿ ಲಗತ್ತಿಸಿ ಕಳುಹಿಸಲು 25 ಎಂಬಿ ಮಿತಿ ಇದೆ. ಮೊದಲು ಒಂದು ಮೂಲಪ್ರತಿ ಉಳಿಸಿಕೊಂಡು, ‘ಫೈಲ್’, ‘ಇನ್ಫೊ’, ‘ಕಂಪ್ರೆಸ್ ಮೀಡಿಯಾ’ ಮೂಲಕ ಗಾತ್ರ ಇಳಿಸಿರಿ.

5. ಕಾಗದದ ಪ್ರತಿಯಲ್ಲಿ ವಿಡಿಯೊ ಬರುವುದಿಲ್ಲ. ಮುಖ್ಯ ಗುರುತುಗಳನ್ನು ಬರಹದಲ್ಲೂ ಕೊಡಬೇಕು.

ಸಭೆಯ ಹಿಂದಿನ ದಿನವೇ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಪರೀಕ್ಷಿಸಿರಿ. ಬಿತ್ತುವ ಮುನ್ನ ಬೀಜದ ಮೊಳಕೆ ನೋಡುವಂತೆಯೇ ಇದೂ.